ವಾದ್ಯವೃಂದಕ್ಕೆ ನಾನು ಶ್ರುತಿ ಕೊಟ್ಟದ್ದು

ಪಾಶ್ಚಾತ್ಯ ವಾದ್ಯವೃಂದದಲ್ಲಿ ಕಛೇರಿ ಶುರುವಾಗುವ ಮೊದಲು ಎಲ್ಲರೂ ಒಬ್ಬನ ಕಡೆ ನೋಡುತ್ತಾರೆ. ಅವನು ಒಂದೇ ಒಂದು ಸ್ವರ ಊದುತ್ತಾನೆ. ಪಿಟೀಲಿನವರು, ಕೊಳಲಿನವರು, ಕ್ಲಾರಿನೆಟ್ಟಿನವರು ಎಲ್ಲರೂ ತಂತಮ್ಮ ವಾದ್ಯದ ಕಿವಿ ಹಿಂಡಿ ಆ ಸ್ವರಕ್ಕೆ ಹೊಂದಿಸಿಕೊಳ್ಳುತ್ತಾರೆ. ಆ ಒಬ್ಬನೇ ಓಬೋ ವಾದಕ. ಹೈದರಾಬಾದಿನ ನಮ್ಮ ಪುಟ್ಟ ಹವ್ಯಾಸಿ ವಾದ್ಯವೃಂದದಲ್ಲಿ ಆ ಒಬ್ಬ ನಾನು.

ಈ ಸಂಗತಿಯನ್ನು ಮೊದಲ ಸಲ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಸುಮಂಗಲಾ ಒಲೆಯ ಮೇಲಿನ ಸಾರು ಬಿಟ್ಟು ಹೊರಗೆ ಬಂದಳು.

"ಅಷ್ಟೂ ಮಂದಿ ನಿಮ್ಮ ಮಾತು ಕೇಳ್ತಾರ?"

ಕೇಳಲೇಬೇಕು, ಅದು ಪದ್ಧತಿ ಎಂದೆ. ಅವಳು ನನ್ನನ್ನು ಒಂದು ಗಳಿಗೆ ಹೊಸಬನನ್ನು ನೋಡುವಂತೆ ನೋಡಿದಳು. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ನನ್ನ ಸ್ವರಕ್ಕೆ ಯಾರೂ ಹೊಂದಿಕೊಂಡ ಉದಾಹರಣೆ ಇರಲಿಲ್ಲ. ನಾನೇ ಹೊಂದಿಕೊಂಡು ಬಂದವನು.

ನಾನು ಶ್ರೀಕಾಂತ. ಮೂಲ ರಾಯಚೂರು ಕಡೆಯವನು. ಈಗ ಕೂಕಟ್‌ಪಲ್ಲಿಯ ಒಂದು ಫ್ಲ್ಯಾಟಿನಲ್ಲಿ ಹೆಂಡತಿ ಮತ್ತು ಅವ್ವನ ಜತೆ ವಾಸ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ತಪಾಸಣಾ ವಿಭಾಗದ ಅಧಿಕಾರಿ. ಅಂದರೆ ಇತರರು ಮಾಡಿದ ವಸ್ತು ಅಳತೆಗೆ ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವುದೇ ನನ್ನ ಉದ್ಯೋಗ. ಕೂದಲೆಳೆಯ ವ್ಯತ್ಯಾಸವಿದ್ದರೂ ತಿರಸ್ಕರಿಸುತ್ತೇನೆ. ಇದನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಂಡು ಮುಂದೆ ನಗಬೇಕು.

ತಲೆಗೂದಲು ಅರ್ಧ ಬೆಳ್ಳಗಾದ ಮೇಲೆ ನನಗೆ ಕ್ಲಾರಿನೆಟ್ ಕಲಿಯುವ ಹುಚ್ಚು ಹಿಡಿಯಿತು. ಸಿಕಂದರಾಬಾದಿನಲ್ಲಿ ಜೋಸೆಫ್ ಮಾಸ್ತರರೆಂಬ ಹಿರಿಯರಿದ್ದರು. ಫೌಜಿನ ಬ್ಯಾಂಡಿನಲ್ಲಿ ಊದಿ ನಿವೃತ್ತರಾದವರು. ಅವರ ಮನೆಗೆ ಹೋದ ದಿನ ಕ್ಲಾರಿನೆಟ್ಟುಗಳೆಲ್ಲ ಬೇರೆ ಶಿಷ್ಯರ ಪಾಲಾಗಿದ್ದವು. ಮೂಲೆಯಲ್ಲಿ ಒಂದು ಕಪ್ಪು, ಸಣಕಲು ವಾದ್ಯ ಉಳಿದಿತ್ತು. ಅದೇ ಓಬೋ. ನೋಡಲು ಕ್ಲಾರಿನೆಟ್ಟಿನ ಬಡಕಲು ತಮ್ಮ. ಕೇಳಲು, ಕಾನ್ವೆಂಟಿನಲ್ಲಿ ಓದಿದ ಶಹನಾಯಿ.

ಊದುವುದರಲ್ಲಿ ಅಂಥ ಕಷ್ಟವೇನಿದ್ದೀತು ಎಂದುಕೊಂಡೆ. ಬಾಲ್ಯದಲ್ಲಿ ಅವ್ವನ ಒಲೆ ಊದಿ ಊದಿ ಪಳಗಿದ ಶ್ವಾಸಕೋಶ ನನ್ನದು. ಎದೆ ತುಂಬ ಗಾಳಿ ಎಳೆದುಕೊಂಡು ಊದಿದೆ. ಏನೂ ಬರಲಿಲ್ಲ. ಇನ್ನೂ ಜೋರಾಗಿ ಊದಿದೆ. ಕಣ್ಣು ಹೊರಗೆ ಬಂದವು, ಸ್ವರ ಬರಲಿಲ್ಲ.

"ಇಸ್ಮೆ ಹವಾ ಕಮ್ ಲಗ್ತಾ ಸಾಬ್, ಸಬರ್ ಜ್ಯಾದಾ," ಎಂದರು ಮಾಸ್ತರರು. ಇದಕ್ಕೆ ಗಾಳಿ ಕಡಿಮೆ ಬೇಕು, ತಾಳ್ಮೆ ಹೆಚ್ಚು.

ಗುಟ್ಟೆಲ್ಲ ಇರುವುದು ತುದಿಯ ರೀಡಿನಲ್ಲಿ. ಎರಡು ತೆಳ್ಳನೆಯ ಬೆತ್ತದ ಎಸಳುಗಳನ್ನು ಜೋಡಿಸಿ ದಾರದಿಂದ ಬಿಗಿದಿರುತ್ತಾರೆ. ಅವುಗಳ ನಡುವಿನ ಸೀಳಿನಲ್ಲಿ ಗಾಳಿ ನುಸುಳಬೇಕು. ಆ ಸೀಳು ಎಷ್ಟು ಸಣ್ಣದೆಂದರೆ ಎಳೆದುಕೊಂಡ ಗಾಳಿ ಖರ್ಚೇ ಆಗುವುದಿಲ್ಲ. ಬೇರೆ ವಾದಕರು ಉಸಿರು ಸಾಲದೆ ಒದ್ದಾಡಿದರೆ ಓಬೋದವನು ಉಸಿರು ಹೆಚ್ಚಾಗಿ ಒದ್ದಾಡುತ್ತಾನೆ. ಮುಖ ಬೀಟ್‌ರೂಟಾಗುತ್ತದೆ. ನಾನು ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿ ಹೊರಗೆ ಬಂದಾಗೆಲ್ಲ ಸುಮಂಗಲಾ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದಳು. ಪ್ರೀತಿಯಿಂದಲ್ಲ, ಹೆದರಿಕೆಯಿಂದ.

ಹಿಮಾಯತ್‌ನಗರದಲ್ಲಿರುವ ಅವಳ ಅಣ್ಣ ಗುಂಡೇರಾಯರು ಸರಕಾರಿ ನೌಕರಿಯಿಂದ ನಿವೃತ್ತರಾದವರು. ಅವರು ಒಮ್ಮೆ ಊಟಕ್ಕೆ ಬಂದಾಗ ಒಳಗಿನಿಂದ ನನ್ನ ಅಭ್ಯಾಸ ಕೇಳಿ, ಕುಕ್ಕರ್ ಆರಿಸುವಂತೆ ತಂಗಿಗೆ ಹೇಳಿದ್ದರಂತೆ. ಅಂದಿನಿಂದ ಅವರ ಬಾಯಲ್ಲಿ ನನ್ನ ವಾದ್ಯದ ಹೆಸರೇ ಕುಕ್ಕರ್. ಈ ವಯಸ್ಸಿನಲ್ಲಿ ಪ್ರಾಣಾಯಾಮ ಮಾಡಿದರೆ ಅಕ್ಕಪಕ್ಕದವರಿಗೂ ಆರೋಗ್ಯ ಎಂಬುದು ಅವರ ಸಲಹೆ.

ಹಾಗೂ ಹೀಗೂ ವರ್ಷಗಳು ಉರುಳಿದವು. ಕುಕ್ಕರು ಹೋಗಿ ಬಾತುಕೋಳಿಯಾಯಿತು, ಬಾತುಕೋಳಿ ಹೋಗಿ ನಿಧಾನವಾಗಿ ಒಂದು ದನಿ ಹುಟ್ಟಿತು. ಊರಿನ ಹವ್ಯಾಸಿ ವಾದ್ಯವೃಂದದವರು ನನ್ನನ್ನು ಸೇರಿಸಿಕೊಂಡರು. ನನ್ನ ಪ್ರತಿಭೆಗೆ ಮೆಚ್ಚಿ ಎಂದು ಮನೆಯಲ್ಲಿ ಹೇಳಿದ್ದೆ. ನಿಜವೆಂದರೆ ಅವರಿಗೆ ಬೇರೆ ಓಬೋದವರು ಯಾರೂ ಸಿಕ್ಕಿರಲಿಲ್ಲ. ವೃಂದದ ಮುಂದೆ ಕೋಲು ಹಿಡಿದು ನಿಲ್ಲುವ ಕಂಡಕ್ಟರ್ ಪ್ರಭಾಕರ್ ಗಾರು ವೃತ್ತಿಯಿಂದ ದಂತವೈದ್ಯರು. ಅವರೂ ಮೊದಲ ದಿನ ನನ್ನ ವಾದನ ಕೇಳಿ, ನೋವಿದ್ದರೆ ಹೇಳಿ ಎಂದಿದ್ದರಷ್ಟೇ.

ಇದೇ ಹೊತ್ತಿಗೆ ಅವ್ವ ನನ್ನ ವಾದ್ಯದ ಮೇಲೆ ಹಕ್ಕು ಸಾಧಿಸಿದಳು. ಪ್ರತಿ ಶನಿವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಅವಳ ಭಜನಾ ಮಂಡಳಿ ಸೇರುತ್ತದೆ. ಅಪ್ಪ ತಂದಿದ್ದ ಹಳೆಯ ಪೇಟಿಯನ್ನು, ಅಂದರೆ ಹಾರ್ಮೋನಿಯಮ್ಮನ್ನು, ಅವ್ವನೇ ನುಡಿಸುತ್ತಾಳೆ. ಬಾತ್‌ರೂಮಿನಾಗ ಊದೂದಕ್ಕಿಂತ ದೇವರ ಮುಂದ ಊದಿದ್ರ ಪುಣ್ಯಾನಾದರೂ ಬರ್ತೈತಿ ಎಂದಳು. ತಾಯಿಯ ಮಾತು. ಹೋದೆ.

ತೊಂದರೆ ಏನಾಯಿತೆಂದರೆ, ವಯಸ್ಸಾದಂತೆ ಅವ್ವನ ಪೇಟಿಯ ಸ್ವರಗಳೂ ಅವಳ ಹಾಗೆಯೇ ಸ್ವಲ್ಪ ಬಾಗಿದ್ದವು. ಜಗತ್ತಿನ ಶ್ರುತಿಗಿಂತ ಅದರ ಶ್ರುತಿ ಒಂದಿಷ್ಟು ಕೆಳಗೆ. ನನ್ನ ಓಬೋ ಅದರ ಜತೆ ಸೇರಿದರೆ ಇಬ್ಬರು ಸವತಿಯರು ಒಂದೇ ಬಾವಿಯ ಹತ್ತಿರ ಸಿಕ್ಕಂತಾಗುತ್ತಿತ್ತು. ಜೋಸೆಫ್ ಮಾಸ್ತರರನ್ನು ಕಾಡಿ ಬೇಡಿ, ಉದ್ದನೆಯ, ಮೆತ್ತನೆಯ ರೀಡೊಂದನ್ನು ಮಾಡಿಸಿಕೊಂಡೆ. ಅದನ್ನು ಹಾಕಿದರೆ ಓಬೋದ ಸ್ವರ ಕೆಳಗಿಳಿಯುತ್ತಿತ್ತು. ಶ್ರುತಿ ತೋರಿಸುವ ಆ್ಯಪ್ ಒಂದು ನನ್ನ ಫೋನಿನಲ್ಲಿತ್ತು. ಸ್ವರ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಶನಿವಾರ ಮಾತ್ರ ಅದರ ಅಳತೆಯನ್ನು ಪೇಟಿಗೆ ತಕ್ಕಂತೆ ಇಳಿಸುವುದು, ಮನೆಗೆ ಬಂದ ಮೇಲೆ ಮತ್ತೆ ಏರಿಸುವುದು. ಹೀಗೆ ನನ್ನ ಬಳಿ ಎರಡು ರೀಡುಗಳಾದವು: ಕಛೇರಿಯದೊಂದು, ಭಜನೆಯದೊಂದು. ಇಹಕ್ಕೊಂದು, ಪರಕ್ಕೊಂದು. ಮಂಡಳಿಯ ಹೆಂಗಸರು ನನ್ನನ್ನು ಪೀಪಿ ಶ್ರೀಕಾಂತಪ್ಪ ಎಂದು ಕರೆಯತೊಡಗಿದರು. ಸುಖವಾಗಿದ್ದೆ.

ಹೀಗಿರುವಾಗ ನಮ್ಮ ವಾದ್ಯವೃಂದದ ದೊಡ್ಡ ಕಛೇರಿ ಸಿಕಂದರಾಬಾದಿನ ಶಾಲೆಯೊಂದರ ಸಭಾಂಗಣದಲ್ಲಿ ನಿಗದಿಯಾಯಿತು. ಒಂದು ಭಾನುವಾರ ಸಂಜೆ. ಪುಣೆಯಿಂದ ಪಿಯಾನೋ ವಾದಕಿಯೊಬ್ಬರು ಅತಿಥಿಯಾಗಿ ಬರುವವರಿದ್ದರು. ಅಂದು ನುಡಿಸಬೇಕಿದ್ದ ಕೃತಿಯ ನಿಧಾನ ಗತಿಯ ಭಾಗವೊಂದರಲ್ಲಿ, ಉಳಿದವರೆಲ್ಲ ಸುಮ್ಮನಾಗಿ, ಓಬೋ ಒಂದೇ ನುಡಿಯುವ ಎಂಟು ಸಾಲುಗಳಿದ್ದವು. ನನ್ನ ಜೀವನದ ಮೊದಲ ಒಂಟಿ ವಾದನ.

ಆ ಎಂಟು ಸಾಲುಗಳನ್ನು ನಾನು ಎಷ್ಟು ಅಭ್ಯಾಸ ಮಾಡಿದೆನೆಂದರೆ ಮೇಲಿನ ಮನೆಯ ಗೃಹಿಣಿ ಅದನ್ನು ಗುನುಗುತ್ತಾ ಬಟ್ಟೆ ಒಣಹಾಕುತ್ತಿದ್ದರು. ಸುಮಂಗಲಾ ಎಂದೂ ಇಲ್ಲದ ಉತ್ಸಾಹದಿಂದ ನೆಂಟರಿಗೆಲ್ಲ ಫೋನು ಮಾಡಿದಳು. ಅಷ್ಟೂ ಮಂದಿ ಇವರು ಹೇಳಿದ ಸುರಕ್ಕ ಕುಣೀತಾರಂತ ಎಂದು ಅವಳು ಅಣ್ಣನಿಗೆ ಹೇಳುವುದು ನನಗೆ ಕೇಳಿಸಿತು. ಗುಂಡೇರಾಯರು ತಮ್ಮ ಕಾರಿನಲ್ಲಿ ಅವಳನ್ನೂ ಅವ್ವನನ್ನೂ ಕರೆದುಕೊಂಡು ಬರುವುದೆಂದು ಆಯಿತು. ಅವ್ವ ಹಿಂದಿನ ದಿನದ ಭಜನೆಯಲ್ಲಿ ಮಂಡಳಿಯವರಿಗೆಲ್ಲ ಸುದ್ದಿ ಹಂಚಿ ಪೇಢೆ ಕೊಟ್ಟಳು. ನಾನೂ ಹಿಗ್ಗಿನಲ್ಲಿ ಭಜನೆಗೆ ಊದಿ, ಪೇಢೆ ತಿಂದು, ಮನೆಗೆ ಬಂದು ಮಲಗಿಬಿಟ್ಟೆ.

ಮರುದಿನ ಕಪ್ಪು ಕೋಟು ತೊಟ್ಟು ನಾನು ಮುಂಚಿತವಾಗಿ ಮೆಟ್ರೋದಲ್ಲಿ ಹೊರಟೆ. ರೀಡನ್ನು ನುಡಿಸುವ ಮೊದಲು ನೆನೆಸಬೇಕು. ಸಭಾಂಗಣದಲ್ಲಿ ನೀರು ಸಿಗುತ್ತದೋ ಇಲ್ಲವೋ ಎಂಬ ಮುಂದಾಲೋಚನೆಯಿಂದ ಕಛೇರಿಯ ರೀಡನ್ನು ದಾರಿಯಲ್ಲೇ ಬಾಯಲ್ಲಿಟ್ಟುಕೊಂಡೆ. ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ಎದುರಿಗಿದ್ದ ತರುಣಿ ನನ್ನನ್ನು ನೋಡಿ ಗಾಬರಿಯಿಂದ ಎದ್ದು ಜಾಗ ಬಿಟ್ಟುಕೊಟ್ಟಳು. ಪಕ್ಕದಾತ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ದೂರ ಸರಿದ. ಥರ್ಮಾಮೀಟರ್ ಎಂದುಕೊಂಡಿದ್ದರು! ಇರಲಿ, ಕುಳಿತುಕೊಳ್ಳಲು ಜಾಗ ಸಿಕ್ಕಿತು.

ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿನ ನೂಕುನುಗ್ಗಲು ಹೈದರಾಬಾದಿನವರಿಗೆ ಹೇಳಬೇಕಾಗಿಲ್ಲ. ನಾನು ಇಳಿಯಲು ಎದ್ದೆ, ಮುಂದಿದ್ದವನೊಬ್ಬ ತಟ್ಟನೆ ತಿರುಗಿದ, ಅವನ ಬೆನ್ನಚೀಲ ನನ್ನ ಗದ್ದಕ್ಕೆ ಬಡಿಯಿತು. ಕಟಕ್ ಎಂದಿತು. ಹಲ್ಲಾಗಿದ್ದರೆ ಚಿಂತೆಯಿರಲಿಲ್ಲ, ಕಂಡಕ್ಟರರೇ ಕಟ್ಟಿಕೊಡುತ್ತಿದ್ದರು. ಮುರಿದದ್ದು ರೀಡು.

ಪ್ಲಾಟ್‌ಫಾರ್ಮಿನ ಮೇಲೆ ನಿಂತು ಬೆತ್ತದ ಚೂರುಗಳನ್ನು ಉಗುಳುತ್ತಾ ಯೋಚಿಸಿದೆ. ಮಾಸ್ತರರಿಗೆ ಫೋನು ಮಾಡೋಣವೆಂದರೆ ಅವರು ಮಗಳ ಮನೆಗೆಂದು ಚೆನ್ನೈಗೆ ಹೋಗಿದ್ದರು. ಡಬ್ಬಿಯಲ್ಲಿ ಉಳಿದಿದ್ದದ್ದು ಭಜನೆಯ ರೀಡೊಂದೇ. ಆದರೆ ಸಭಾಂಗಣದ ಹಿಂದಿನ ಕೋಣೆಯಲ್ಲಿ ಕುಳಿತು ಅದನ್ನೇ ಹಾಕಿ ಊದಿ, ಫೋನಿನ ಆ್ಯಪ್ ನೋಡಿದರೆ, ಆಶ್ಚರ್ಯ! ಹಸಿರು. ಮತ್ತೊಮ್ಮೆ ಊದಿದೆ. ಹಚ್ಚ ಹಸಿರು. ಸಿಕಂದರಾಬಾದಿನ ಹವೆಗೆ ರೀಡು ಸರಿಹೋಗಿರಬೇಕೆಂದು ತೀರ್ಮಾನಿಸಿದೆ. ತಪಾಸಣಾ ಅಧಿಕಾರಿಯ ತೀರ್ಮಾನ. ಹಿಂದಿನ ದಿನ ಆ ಆ್ಯಪನ್ನು ಪೇಟಿಗೆ ಇಳಿಸಿದವನು ಮತ್ತೆ ಏರಿಸಿರಲಿಲ್ಲ ಎಂಬುದು ಪೇಢೆಯ ಜತೆಗೇ ಹೊಟ್ಟೆಗೆ ಹೋಗಿತ್ತು.

ಪರದೆ ಸರಿಯಿತು. ಮೂರನೆಯ ಸಾಲಿನಲ್ಲಿ ಅವ್ವ, ಇಳಕಲ್ ಸೀರೆಯ ಸುಮಂಗಲಾ, ಗುಂಡೇರಾಯರು. ಪ್ರಭಾಕರ್ ಗಾರು ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಸ್ವಾಗತ ಹೇಳಿ, ನನ್ನ ಕಡೆ ತಲೆಯಾಡಿಸಿದರು. ಇಡೀ ಸಭೆ ನಿಶ್ಶಬ್ದವಾಯಿತು. ನಾನು ಎದೆಯುಬ್ಬಿಸಿ ನನ್ನ ಸ್ವರ ಕೊಟ್ಟೆ.

ಮೊದಲ ಪಿಟೀಲಿನ ಹುಡುಗಿ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು. ಅಂಕಲ್, ಇದು ಖಚಿತವೇ ಎಂಬಂತೆ ಕಣ್ಣಲ್ಲೇ ಕೇಳಿದಳು. ನಾನು ಮಾತಾಡದೆ ಫೋನಿನ ಹಸಿರು ದೀಪವನ್ನು ಅವಳತ್ತ ತಿರುಗಿಸಿದೆ. ಹಿರಿಯರ ಮೇಲಿನ ಗೌರವ, ಯಂತ್ರದ ಮೇಲಿನ ನಂಬಿಕೆ ಎರಡೂ ಸೇರಿ ಆ ಮಗು ತಂತಿ ಸಡಿಲಿಸಿತು. ಅವಳ ಹಿಂದೆ ಎಲ್ಲರೂ ಸಡಿಲಿಸಿದರು. ಕೊಳಲಿನವರು ಕೊಳಲು ಎಳೆದು ಉದ್ದ ಮಾಡಿದರು. ಕ್ಲಾರಿನೆಟ್ಟಿನವರು ಗೊಣಗುತ್ತಾ ಕೀಲು ಜಗ್ಗಿದರು. ಇಡೀ ವಾದ್ಯವೃಂದ ನಯವಾಗಿ, ಶಿಸ್ತಿನಿಂದ, ನಮ್ಮವ್ವನ ಪೇಟಿಯ ಮಟ್ಟಕ್ಕೆ ಇಳಿಯಿತು.

ಇಳಿಯದೆ ಉಳಿದದ್ದು ಒಂದೇ, ಪಿಯಾನೋ. ಅದರ ಕಿವಿಯನ್ನು ಕೂತಲ್ಲಿ ಹಿಂಡಲಾಗುವುದಿಲ್ಲ. ಅಂದು ಬೆಳಿಗ್ಗೆಯೇ ಅದನ್ನು ಕರಾರುವಾಕ್ಕಾಗಿ ಶ್ರುತಿ ಮಾಡಿಸಿದ್ದರು.

ಪುಣೆಯ ವಾದಕಿ ಗಂಭೀರವಾಗಿ ನಾಲ್ಕು ಸ್ವರಗುಚ್ಛ ನುಡಿಸಿದರು. ಐದನೆಯದಕ್ಕೆ ನಾವೆಲ್ಲ ಕೂಡಿಕೊಂಡೆವು. ಹಳೆಯ ರೇಡಿಯೋದಲ್ಲಿ ಒಂದೇ ಮುಳ್ಳಿಗೆ ಎರಡು ಸ್ಟೇಷನ್ ಸಿಕ್ಕರೆ ಹೇಗಿರುತ್ತದೋ ಹಾಗಾಯಿತು. ಮುಂದಿನ ಸಾಲಿನಲ್ಲಿ ಒಂದು ಕೂಸು ಅಳತೊಡಗಿತು. ಆ ವಾದಕಿ ಬಿಸಿ ಹಂಚು ಮುಟ್ಟಿದವರಂತೆ ಕೈ ಎತ್ತಿಬಿಟ್ಟರು.

ಪ್ರಭಾಕರ್ ಗಾರು ಕೋಲು ಇಳಿಸಿದರು. ನೋಯುವ ಹಲ್ಲು ಯಾವುದೆಂದು ಒಂದೊಂದನ್ನೇ ತಟ್ಟಿ ನೋಡುವ ವೈದ್ಯರಂತೆ ಒಬ್ಬೊಬ್ಬರಿಂದ ಒಂದೊಂದು ಸ್ವರ ಕೇಳುತ್ತಾ ಬಂದರು. ಎಲ್ಲರೂ ಒಂದೇ ಬಗೆಯಾಗಿ ತಪ್ಪಿದ್ದರು. ಕೊನೆಗೆ ನನ್ನ ಮುಂದೆ ನಿಂತರು. ಊದಿದೆ. ಅವರ ಮುಖದಲ್ಲಿ ರೋಗ ಪತ್ತೆಯಾದ ನೆಮ್ಮದಿ ಕಂಡಿತು. ಕಾಲರಿನ ಮೈಕು ಆರಿಸಿಲ್ಲವೆಂಬುದನ್ನು ಮರೆತು ಮೆಲ್ಲಗೆ ಕೇಳಿದರು:

"ಶ್ರೀಕಾಂತ್ ಗಾರು, ಈ ಸ್ವರಂ ಎಕ್ಕಡಿನುಂಚಿ ತೆಚ್ಚಾರು?"

ಈ ಸ್ವರವನ್ನು ಎಲ್ಲಿಂದ ತಂದಿರಿ ಎಂದು. ಆ ಕ್ಷಣಕ್ಕೆ ನನಗೆ ಆ್ಯಪು, ಶನಿವಾರ, ಪೇಟಿ, ಪೇಢೆ ಎಲ್ಲವೂ ಒಟ್ಟಿಗೆ ಹೊಳೆದವು. ಸುಳ್ಳು ಹೊಳೆಯಲಿಲ್ಲ.

"ಮಾ ಅಮ್ಮ ಹಾರ್ಮೋನಿಯಂ ನುಂಚಿ," ಎಂದೆ.

ನಮ್ಮಮ್ಮನ ಹಾರ್ಮೋನಿಯಮ್ಮಿನಿಂದ ಎಂಬ ಈ ಉತ್ತರ ನಾಲ್ಕೂ ಸ್ಪೀಕರುಗಳಲ್ಲಿ ಸಭಾಂಗಣದ ಕೊನೆಯ ಬಾಗಿಲಿನವರೆಗೂ ಹೋಯಿತು. ಜನ ನಕ್ಕರು. ಹೇಳದೆ ಇರಲಾರೆ, ಚೆನ್ನಾಗಿಯೇ ನಕ್ಕರು. ಅವ್ವ ಮಾತ್ರ ತನ್ನ ಹೆಸರು ಬಂದಿತೆಂದು ಅರ್ಧ ಎದ್ದು ಎಲ್ಲರಿಗೂ ಕೈಮುಗಿದಳು.

ಪಿಯಾನೋಗೆ ಹೊಂದಿಸಿ ಎಲ್ಲರೂ ಮತ್ತೆ ತಂತಿ ಬಿಗಿದರು. ಅವಸರದಲ್ಲಿ ಬಿಗಿಯುವಾಗ ಒಬ್ಬರ ತಂತಿ ಹರಿಯಿತು. ಅದನ್ನು ಬದಲಿಸುವವರೆಗೆ ಕಾದೆವು. ನಾನು ಆ ಮೆತ್ತನೆಯ ರೀಡನ್ನು ತುಟಿಯಿಂದ ಒತ್ತಿ ಹಿಡಿದು ಸ್ವರ ಏರಿಸಲು ನೋಡಿದೆ. ಎಂದೋ ಬಿಟ್ಟುಹೋಗಿದ್ದ ಬಾತುಕೋಳಿ ಸಭಾಮಧ್ಯದಲ್ಲಿ ಪ್ರತ್ಯಕ್ಷವಾಯಿತು. ಪ್ರಭಾಕರ್ ಗಾರು ಹಲ್ಲು ಕಿತ್ತ ಮೇಲೆ ರೋಗಿಗೆ ಸನ್ನೆ ಮಾಡುವಂತೆ ಅಂಗೈ ತೋರಿಸಿದರು: ಬಾಯಿ ತೆರೆಯಬೇಡಿ.

ಎದ್ದು ಹೋಗುವಂತಿಲ್ಲ, ಊದುವಂತಿಲ್ಲ. ಓಬೋವನ್ನು ತುಟಿಗಿಟ್ಟುಕೊಂಡು ಸುಮ್ಮನೆ ಬೆರಳಾಡಿಸುತ್ತಾ ಕುಳಿತೆ. ನಿಧಾನ ಗತಿಯ ಭಾಗ ಬಂತು. ಎಲ್ಲರೂ ಸುಮ್ಮನಾದರು. ನನ್ನ ಎಂಟು ಸಾಲುಗಳನ್ನು ಪಕ್ಕದ ಕ್ಲಾರಿನೆಟ್ಟಿನವರು ನುಡಿಸಿದರು. ಒಳ್ಳೆಯ ಮನುಷ್ಯ, ಚೆನ್ನಾಗಿಯೇ ನುಡಿಸಿದರು. ಪ್ರತಿ ತಿರುವಿನಲ್ಲೂ ನನ್ನ ಬೆರಳುಗಳು ಅವರಿಗಿಂತ ಒಂದು ಎಳೆ ಮೊದಲೇ ಅಲ್ಲಿಗೆ ಹೋಗಿ ಕಾಯುತ್ತಿದ್ದವು. ಮನೆಯಿಂದ ಹೆಣ್ಣು ಕೊಟ್ಟ ತಂದೆಗೂ ಇಷ್ಟು ದುಃಖವಾಗಿರಲಾರದು. ಆ ಹೊತ್ತಿನಲ್ಲಿ ನನಗೆ ನಗು ಬಂದಿರಲಿಲ್ಲ, ಈಗ ಬರೆಯುವಾಗಲೂ ಆ ಜಾಗದಲ್ಲಿ ಪೂರ್ತಿ ಬರುವುದಿಲ್ಲ.

ಕಛೇರಿ ಮುಗಿದ ಮೇಲೆ ಗುಂಡೇರಾಯರು ಎಲ್ಲರಿಗಿಂತ ಮುಂದೆ ಬಂದು ನನ್ನ ಕೈ ಹಿಡಿದು ಕುಲುಕಿದರು.

"ಮೊದಲ ಏನೋ ಗಡಿಬಿಡಿ ಆತು, ಬಿಡ್ರಿ. ಆಮ್ಯಾಲ ಭಾಳ ಛಂದ ನುಡಿಸಿದ್ರಿ. ಆ ಮೆತ್ತಗಿನ ತುಕಡಾ ಇತ್ತಲ್ಲ, ಅದರಾಗ ಕುಕ್ಕರ್ ಅನ್ನೂದ ಮರತುಹೋತು ನೋಡ್ರಿ."

ನಾನು ಥ್ಯಾಂಕ್ಸ್ ಎಂದೆ. ಜೀವಮಾನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ನಾನು ಊದದೇ ಇದ್ದದ್ದಕ್ಕೆ.

ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾವು ಮೂವರು ಕುಳಿತಿದ್ದೆವು. ಬೇಗಂಪೇಟೆ ದಾಟಿದ ಮೇಲೆ ಸುಮಂಗಲಾ ಅಣ್ಣನಿಗೆ ಕೇಳದಂತೆ ಮೆಲ್ಲಗೆ ಹೇಳಿದಳು:

"ನೀವು ನುಡಿಸಲಿಲ್ಲ, ಅಲ್ಲ?"

"ಹೆಂಗ ಗೊತ್ತಾತು?"

"ನೀವು ನುಡಿಸೂವಾಗ ಕಿವಿ ಕೆಂಪಗ ಆಗ್ತಾವ. ಇವತ್ತ ಮಾರಿ ಕೆಂಪಗಿತ್ತು, ಕಿವಿ ಆಗಲೇ ಇಲ್ಲ."

ಬಾತ್‌ರೂಮಿನ ಹೊರಗೆ ಮಜ್ಜಿಗೆ ಹಿಡಿದು ನಿಂತವಳು ಇಷ್ಟು ವರ್ಷ ನೋಡಿದ್ದು ಏನೆಂದು ನನಗೆ ಆಗ ತಿಳಿಯಿತು. ಅವ್ವ ಮಾತ್ರ ಅಷ್ಟೊತ್ತಿಗೆ ತನ್ನ ತೀರ್ಪು ಕೊಟ್ಟಾಗಿತ್ತು. ಮೊದಲು ನಾನು ಕೊಟ್ಟ ಸುರವೇ ಸರಿಯಿತ್ತಂತೆ. ಆಮೇಲೆ ಪುಣೆಯಾಕೆ ಬಂದು ಕೆಡಿಸಿದಳಂತೆ.

ಓಬೋವನ್ನು ಅಟ್ಟಕ್ಕೆ ಹಾಕಿ, ಗುಂಡೇರಾಯರ ಸಲಹೆಯಂತೆ ಪ್ರಾಣಾಯಾಮ ಶುರು ಮಾಡಿದೆ. ಒಂದು ವಾರವೂ ನಡೆಯಲಿಲ್ಲ. ಪ್ರಭಾಕರ್ ಗಾರು ಫೋನು ಮಾಡಿ, ಅಭ್ಯಾಸಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದರು. ತೆಗೆದುಹಾಕಿರಬೇಕು ಎಂದುಕೊಂಡಿದ್ದೆ ಎಂದೆ. ಊರಿನಲ್ಲಿ ಇನ್ನೊಬ್ಬ ಓಬೋದವನು ಸಿಗುವವರೆಗೆ ಆ ಭಾಗ್ಯ ನನಗಿಲ್ಲವೆಂದು ಅವರು ನಯವಾಗಿ ತಿಳಿಸಿದರು. ಸುಮಂಗಲಾ ತಾನೇ ಸ್ಟೂಲು ಹತ್ತಿ ಅಟ್ಟದಿಂದ ಡಬ್ಬಿ ಇಳಿಸಿಕೊಟ್ಟಳು.

ಚೆನ್ನೈಯಿಂದ ಬಂದ ಜೋಸೆಫ್ ಮಾಸ್ತರರು ಕಥೆಯನ್ನೆಲ್ಲ ಕೇಳಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಕೊನೆಗೆ ನನ್ನ ಫೋನನ್ನು ತಮ್ಮ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು.

"ಕಾನಾಂ ಸೆ ಸುನೋ ಸಾಬ್, ಫೋನಾಂ ಸೆ ನಕ್ಕೋ."

ಫೋನಿನಿಂದ ಬೇಡ, ಕಿವಿಯಿಂದ ಕೇಳಿ ಎಂದು. ಹಾಗೆ ಕೇಳುವುದನ್ನು ನಾನು ಆಗ ಕಲಿಯತೊಡಗಿದೆ. ರೀಡು ಕೆತ್ತುವುದನ್ನೂ ಕಲಿತೆ. ಬೆರಳು ಕೊಯ್ದುಕೊಂಡೆ, ಕೆಟ್ಟ ರೀಡು ಕೆತ್ತಿದೆ, ಆಮೇಲೆ ಅಷ್ಟೇನೂ ಕೆಟ್ಟದ್ದಲ್ಲದ್ದು ಕೆತ್ತಿದೆ. ಆ್ಯಪನ್ನು ಅಳಿಸಿಹಾಕಿದೆ.

ಮುಂದಿನ ಚಳಿಗಾಲದಲ್ಲಿ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯವರು ತಮ್ಮ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದರು. ಬಯಲಿನಲ್ಲಿ ಶಾಮಿಯಾನ, ಅದೇ ನಿಧಾನ ಗತಿಯ ಭಾಗ. ಈ ಸಲ ಪಿಯಾನೋ ಇರಲಿಲ್ಲ. ನಾನು ಸ್ವರ ಕೊಟ್ಟೆ, ಪಿಟೀಲಿನ ಹುಡುಗಿ ಹುಬ್ಬು ಗಂಟಿಕ್ಕಲಿಲ್ಲ. ನನ್ನ ಸರದಿ ಬಂದಾಗ ಕಣ್ಣು ಮುಚ್ಚಿ ಎಂಟು ಸಾಲುಗಳನ್ನೂ ನುಡಿಸಿದೆ. ಒಂದು ಕಡೆಯೂ ಎಡವಲಿಲ್ಲ. ಕೊನೆಯ ಸ್ವರ ಎಳೆ ಎಳೆಯಾಗಿ ಸಣ್ಣದಾಗಿ ಗಾಳಿಯಲ್ಲಿ ಕರಗಿತು. ಅಂಥದ್ದು ನನ್ನಿಂದ ಹೊರಟಿತೆಂದು ನನಗೇ ನಂಬಿಕೆಯಾಗಲಿಲ್ಲ.

ಕಣ್ಣು ತೆರೆದೆ. ಶಾಮಿಯಾನ ಖಾಲಿ. ಆ ಎಂಟು ಸಾಲುಗಳ ನಡುವೆ ಯಾರೋ ಪಕ್ಕದ ಊಟದ ಪಂಡಾಲಿನ ಬಾಗಿಲು ತೆಗೆದಿದ್ದರು. ಮುಂದಿನ ಸಾಲಿನಲ್ಲಿ ಸುಮಂಗಲಾ ಒಬ್ಬಳೇ, ಮಡಿಲಲ್ಲಿ ಪರ್ಸು ಹಿಡಿದು ಅಲುಗಾಡದೆ ಕುಳಿತಿದ್ದಳು. ಮತ್ತೆ, ದೂರದಲ್ಲಿ, ಕೊನೆಯ ಸಾಲಿನ ಹಿಂದೆ ಒಬ್ಬ ವಾಚ್‌ಮನ್. ಕೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ರೆಪ್ಪೆ ಮಿಟುಕಿಸದೆ ನಮ್ಮ ಕಡೆಯೇ ನೋಡುತ್ತಾ ನಿಂತಿದ್ದ. ಅನ್ನ ಬಿಟ್ಟು ಸಂಗೀತಕ್ಕೆ ನಿಂತ ಮನುಷ್ಯ!

ಕಛೇರಿ ಮುಗಿದೊಡನೆ ಓಬೋವನ್ನು ಕೈಯಲ್ಲೇ ಹಿಡಿದುಕೊಂಡು ಅವನ ಬಳಿಗೆ ಹೋದೆ. ಹೇಗಿತ್ತು ಎಂದು ತೆಲುಗಿನಲ್ಲಿ ಕೇಳಿದೆ. ಅವನು ಸಂಕೋಚದಿಂದ ಟೋಪಿ ತೆಗೆದು, ಕುರ್ಚಿಗಳು ಬಾಡಿಗೆಯವು ಸಾರ್, ನೀವೆಲ್ಲ ಎದ್ದರೆ ಎಣಿಸಿ, ಕೋಣೆಯಲ್ಲಿಟ್ಟು ಬೀಗ ಹಾಕಿ ನಾನೂ ಊಟಕ್ಕೆ ಹೋಗಬಹುದಿತ್ತು ಎಂದ.